‘ಆಯ್ತು ಮಿಸ್’ ಮತ್ತು ಮೂರನೇ ಕ್ಲಾರಿನೆಟ್

ಇಂಟರ್ನ್‌ಶಿಪ್‌ನ ಮೂರನೇ ವಾರ. ಒಂಬತ್ತನೇ ತರಗತಿ ‘ಬಿ’ ವಿಭಾಗ. ಘಟಕ ಶಬ್ದ. ಹಿಂದಿನ ಬೆಂಚಿನಲ್ಲಿ ನಮ್ಮ ವಿಜ್ಞಾನ ಬೋಧನಾ ವಿಧಾನದ ಮೇಡಂ ವೀಕ್ಷಣಾ ಪುಸ್ತಕ ಬಿಚ್ಚಿಕೊಂಡು ಕೂತಿದ್ದರು. ಪಾಠ ಚೆನ್ನಾಗಿಯೇ ನಡೆಯಿತು. ಶ್ರುತಿಕವೆಯನ್ನು ರಬ್ಬರ್ ಪ್ಯಾಡಿಗೆ ಬಡಿದು ನೀರಿಗೆ ಮುಟ್ಟಿಸಿದೆ, ನೀರು ಚಿಮ್ಮಿತು, ಮಕ್ಕಳು ಹೋ ಎಂದರು. ಪಾರ ಹೆಚ್ಚಾದರೆ ಶಬ್ದ ಗಟ್ಟಿಯಾಗುತ್ತದೆ, ಆವೃತ್ತಿ ಹೆಚ್ಚಾದರೆ ಸ್ಥಾಯಿ ಹೆಚ್ಚುತ್ತದೆ ಎಂದು ಕಪ್ಪುಹಲಗೆಯ ಮೇಲೆ ಎರಡು ಬಣ್ಣದ ಸೀಮೆಸುಣ್ಣದಲ್ಲಿ ಬರೆದೆ. ಕೊನೆಗೆ, ನಾವೆಲ್ಲರೂ ಕೇಳುವ ಆ ಪ್ರಶ್ನೆಯನ್ನೂ ಕೇಳಿದೆ. “ಅರ್ಥ ಆಯ್ತಾ ಮಕ್ಕಳೇ?”

“ಆಯ್ತು ಮಿಸ್!” ಐವತ್ತಕ್ಕೂ ಹೆಚ್ಚು ಮಕ್ಕಳು, ಒಂದೇ ಉಸಿರು, ಒಂದೇ ಧ್ವನಿ. ಮೇಡಂ ‘ತರಗತಿಯ ಸ್ಪಂದನೆ ಉತ್ತಮ’ ಎಂದು ಷರಾ ಬರೆದು ಒಳ್ಳೆಯ ಅಂಕ ಕೊಟ್ಟರು.

ನಾಲ್ಕು ದಿನ ಕಳೆದು ಘಟಕ ಪರೀಕ್ಷೆ ಕೊಟ್ಟೆ. ‘ತಮಟೆಯನ್ನು ಜೋರಾಗಿ ಬಾರಿಸಿದರೆ ಏನು ಹೆಚ್ಚುತ್ತದೆ?’ ಎಂಬುದು ಒಂದು ಪ್ರಶ್ನೆ. ಅರ್ಧಕ್ಕಿಂತ ಹೆಚ್ಚು ಮಂದಿ ಸ್ಥಾಯಿ ಎಂದು ಬರೆದಿದ್ದರು. ಕೆಲವರು ಎರಡನ್ನೂ ಬರೆದು, ಯಾವುದಾದರೊಂದಕ್ಕೆ ಮಿಸ್ ರೈಟ್ ಹಾಕಲಿ ಎಂದು ಬಿಟ್ಟಿದ್ದರು. ಆ ಉತ್ತರಪತ್ರಿಕೆಗಳನ್ನು ಹಾಸ್ಟೆಲ್ ಮಂಚದ ಮೇಲೆ ಹರಡಿಕೊಂಡು ಕೂತಾಗ ನನ್ನನ್ನು ಕಾಡಿದ್ದು ಮಕ್ಕಳು ತಪ್ಪು ಬರೆದದ್ದಲ್ಲ, ಆ ದಿನ ನನಗೆ ಒಂದಿಷ್ಟೂ ಅನುಮಾನ ಬಾರದೇ ಹೋದದ್ದು.

ಈ ಲೇಖನಕ್ಕೆ ಕಾರಣವಾದ ಮಾತುಕತೆ ಆ ರಾತ್ರಿಯದು. ನನ್ನ ದೊಡ್ಡಪ್ಪನ ಮಗಳು ಅಮೆರಿಕದಲ್ಲಿದ್ದಾಳೆ. ದೊಡ್ಡಪ್ಪ ಅಲ್ಲಿಗೆ ಹೋದಾಗ ಅವಳಿಗೆ ನಾಲ್ಕು ವರ್ಷ. ಕನ್ನಡ ಈಗಲೂ ಚೆನ್ನಾಗಿ ಮಾತಾಡುತ್ತಾಳೆ, ಓದಲು ಬರುವುದಿಲ್ಲ. ಅವಳು ಓದುತ್ತಿರುವುದು ಬ್ಯಾಂಡ್ ನಿರ್ವಹಣೆಯಲ್ಲಿ ಸ್ನಾತಕೋತ್ತರ ಪದವಿ. ನಮ್ಮ ಮನೆಯಲ್ಲಿ ಇದನ್ನು ಯಾರಿಗಾದರೂ ವಿವರಿಸಬೇಕೆಂದರೆ ಅಪ್ಪ “ಮ್ಯೂಸಿಕ್ಕಲ್ಲಿ ಎಂ.ಎ.” ಎಂದು ಹೇಳಿ ಬೇರೆ ವಿಷಯಕ್ಕೆ ಹೋಗುತ್ತಾರೆ. ನಮಗೆ ಬ್ಯಾಂಡ್ ಎಂದರೆ ದಸರಾದಲ್ಲಿ ಪೊಲೀಸ್ ಬ್ಯಾಂಡ್, ಮದುವೆ ಮೆರವಣಿಗೆಯಲ್ಲಿ ಕೆಂಪು ಕೋಟಿನವರು, ಆಗಸ್ಟ್ 15ಕ್ಕೆ ಪಿ.ಟಿ. ಮೇಷ್ಟ್ರು ಕಪಾಟಿನಿಂದ ತೆಗೆಸುವ ಡ್ರಮ್ ಸೆಟ್. ಅದಕ್ಕೆ ಎಂ.ಎ. ಯಾಕೆ ಎಂದು ನಾನೂ ನಕ್ಕದ್ದಿದೆ.

ಅಂದು ಇಲ್ಲಿ ರಾತ್ರಿ ಹತ್ತು, ಅಲ್ಲಿ ಮಧ್ಯಾಹ್ನ. ನನ್ನ ಗೋಳನ್ನೆಲ್ಲ ಕೇಳಿಸಿಕೊಂಡ ಅಕ್ಕ ಒಂದೇ ಮಾತು ಕೇಳಿದಳು. “ಪುಟ್ಟಿ, ಎಲ್ರೂ ಒಟ್ಟಿಗೆ ಹೇಳಿದ್ರಲ್ಲ, ಅದ್ರಲ್ಲಿ ನಿನ್ನ ಮೂರನೇ ಕ್ಲಾರಿನೆಟ್ ಯಾರು ಅಂತ ಗೊತ್ತಿತ್ತಾ ನಿಂಗೆ?”

ನನಗೆ ಪ್ರಶ್ನೆಯೇ ಅರ್ಥವಾಗಲಿಲ್ಲ. ಅವಳು ವಿವರಿಸಿದಳು. ಅಲ್ಲಿಯ ಬ್ಯಾಂಡಿನಲ್ಲಿ ಕ್ಲಾರಿನೆಟ್ ನುಡಿಸುವವರು ಮೂರು ಗುಂಪು. ಮೊದಲನೆಯದಕ್ಕೆ ಸಾಮಾನ್ಯವಾಗಿ ಮೇಲಿನ ಸ್ವರಗಳು, ಎಲ್ಲರ ಕಿವಿಗೂ ಬೀಳುತ್ತವೆ. ಮೂರನೆಯದು ನಡುವೆ ಎಲ್ಲೋ ಹುದುಗಿರುತ್ತದೆ. ಅಲ್ಲಿ ಒಬ್ಬರು ಸ್ವರ ತಪ್ಪಿದರೂ, ಸುಮ್ಮನೆ ವಾದ್ಯವನ್ನು ಬಾಯಿಗಿಟ್ಟುಕೊಂಡು ಕೂತರೂ ಸಭಿಕರಿಗೆ ಗೊತ್ತಾಗುವುದಿಲ್ಲ. ವೇದಿಕೆಯ ಮೇಲೆ ನಿಂತ ನಿರ್ವಾಹಕರಿಗೆ ಗೊತ್ತಾಗಲೇಬೇಕು. ಅದಕ್ಕಾಗಿಯೇ ಅವರನ್ನು ತಯಾರು ಮಾಡುತ್ತಾರೆ. ಕೈಬೀಸುವುದನ್ನು ಕಲಿಯಲು ಅಷ್ಟು ದಿನ ಬೇಡವಂತೆ. ಕೇಳುವುದನ್ನು ಕಲಿಯಲು ವರ್ಷಗಳು ಬೇಕಂತೆ.

ಅಲ್ಲಿಂದಾಚೆಗೆ ನಾನು ಅಕ್ಕನನ್ನು ಕೆದಕಿ ಕೆದಕಿ ಕೇಳಿದ್ದನ್ನು, ಓದಿ ತಿಳಿದದ್ದನ್ನು ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಬೋಧನಾಭ್ಯಾಸಕ್ಕೂ ಇದಕ್ಕೂ ಏನು ಸಂಬಂಧ ಎಂದು ಗುರುಗಳು ಹುಬ್ಬೇರಿಸಬಹುದು. ಅವರ ತರಬೇತಿಯನ್ನು ನೋಡಿದ ಮೇಲೆ ನಮ್ಮದರಲ್ಲಿ ಏನು ಇಲ್ಲ ಎಂಬುದು ನನಗೆ ಸ್ಪಷ್ಟವಾಯಿತು. ನಮಗೆ ಹೇಳಲು ಕಲಿಸುತ್ತಾರೆ. ಕೇಳಲು ಕಲಿಸುವುದಿಲ್ಲ.

ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಬ್ಯಾಂಡ್ ಹೇಗೆ ಬಂತು ಎಂಬುದೇ ಒಂದು ಸ್ವಾರಸ್ಯ. 1862ರ ಮೊರಿಲ್ ಕಾಯ್ದೆಯಂತೆ ಸರ್ಕಾರಿ ಭೂಮಿ ಪಡೆದು ಹುಟ್ಟಿದ ಕಾಲೇಜುಗಳು ಕೃಷಿ ಮತ್ತು ಯಂತ್ರವಿದ್ಯೆಯ ಜೊತೆಗೆ ಸೈನಿಕ ಶಿಕ್ಷಣವನ್ನೂ ಕೊಡಬೇಕಿತ್ತು. ಕವಾಯತಿಗೆ ವಾದ್ಯ ಬೇಕು, ಹಾಗೆ ಬ್ಯಾಂಡ್ ಬಂತು. ಇಲಿನಾಯ್ ವಿಶ್ವವಿದ್ಯಾಲಯದ ಬ್ಯಾಂಡನ್ನು 1905ರಲ್ಲಿ ಕೈಗೆತ್ತಿಕೊಂಡ ಆಲ್ಬರ್ಟ್ ಆಸ್ಟಿನ್ ಹಾರ್ಡಿಂಗ್ ಅವರು ಅಲ್ಲಿಗೆ ಬಂದದ್ದು ಇಂಜಿನಿಯರಿಂಗ್ ಓದಲು. ವಿದ್ಯಾರ್ಥಿಯಾಗಿದ್ದಾಗಲೇ ಹೊಣೆ ಹೊತ್ತವರು 1948ರವರೆಗೂ ಅದನ್ನು ನಡೆಸಿದರು. ‘ಮಾರ್ಚ್ ರಾಜ’ ಎನಿಸಿಕೊಂಡ ಜಾನ್ ಫಿಲಿಪ್ ಸೂಸಾ ತಮ್ಮ ಸಂಗೀತ ಸಂಗ್ರಹದ ಬಹುಭಾಗವನ್ನು ಆ ವಿಶ್ವವಿದ್ಯಾಲಯಕ್ಕೇ ಬಿಟ್ಟುಹೋದರು. ಮಿಶಿಗನ್ ವಿಶ್ವವಿದ್ಯಾಲಯಕ್ಕೆ 1935ರಲ್ಲಿ ಬಂದ ವಿಲಿಯಂ ರೆವೆಲ್ಲಿ ಅದಕ್ಕೆ ಮೊದಲು ಇಂಡಿಯಾನಾ ರಾಜ್ಯದ ಹೋಬಾರ್ಟ್ ಎಂಬ ಊರಿನ ಹೈಸ್ಕೂಲಿನಲ್ಲಿ ಮಕ್ಕಳ ಬ್ಯಾಂಡ್ ಕಟ್ಟಿದ ಮೇಷ್ಟ್ರು. ಹೈಸ್ಕೂಲ್ ಮೇಷ್ಟ್ರನ್ನು ವಿಶ್ವವಿದ್ಯಾಲಯಕ್ಕೆ ಕರೆದು ಕೂರಿಸಿದರು ಎನ್ನುವುದನ್ನು ಓದಿದಾಗ ನನಗೆ ಒಳಗೊಳಗೇ ಖುಷಿಯಾಯಿತು.

ಇನ್ನು ಅಕ್ಕನ ಸ್ಥಾನದ ಬಗ್ಗೆ. ಅದನ್ನು ಗ್ರಾಜುಯೇಟ್ ಅಸಿಸ್ಟೆಂಟ್‌ಶಿಪ್ ಎನ್ನುತ್ತಾರೆ. ಓದುವವರೂ ಅವರೇ, ಕೆಲಸ ಮಾಡುವವರೂ ಅವರೇ. ಸಾಮಾನ್ಯವಾಗಿ ವಾರಕ್ಕೆ 20 ಗಂಟೆ ಕೆಲಸ. ಅದಕ್ಕೆ ಬದಲಾಗಿ ಬೋಧನಾ ಶುಲ್ಕ ಪೂರ್ತಿಯೋ ಭಾಗಶಃವೋ ಮಾಫಿ, ಜೊತೆಗೆ ಶೈಕ್ಷಣಿಕ ವರ್ಷದ ಸುಮಾರು ಒಂಬತ್ತು ತಿಂಗಳು ಸ್ಟೈಪೆಂಡ್. ಕೋಣೆ ಬಾಡಿಗೆ, ಊಟಕ್ಕೆ ಆಗುತ್ತದೆ, ಮಿಗುವುದಿಲ್ಲ ಎಂದಳು. ಒಂದು ವಿಭಾಗದಲ್ಲಿ ವರ್ಷಕ್ಕೆ ಒಬ್ಬರನ್ನೋ ಇಬ್ಬರನ್ನೋ ತೆಗೆದುಕೊಳ್ಳುತ್ತಾರೆ. ಅನೇಕ ಕಡೆ ಶಾಲೆಯಲ್ಲಿ ಪಾಠ ಮಾಡಿದ ಅನುಭವ ಇದ್ದವರಿಗೇ ಆದ್ಯತೆ. ಅಕ್ಕ ಸಂಗೀತ ಶಿಕ್ಷಣದಲ್ಲಿ ಪದವಿ ಪಡೆದು ನಾಲ್ಕು ವರ್ಷ ಹನ್ನೊಂದು ಹನ್ನೆರಡು ವಯಸ್ಸಿನ ಮಕ್ಕಳಿಗೆ ವಾದ್ಯ ಹಿಡಿಯುವುದನ್ನು ಕಲಿಸಿಯೇ ಹೋದದ್ದು.

ಆಯ್ಕೆಯ ರೀತಿ ಕೇಳಿ. ಮೊದಲು ಒಂದು ವಿಡಿಯೊ ಕಳಿಸಬೇಕು. ಕ್ಯಾಮೆರಾ ಸಭಿಕರ ಕಡೆಯಿಂದಲ್ಲ, ನುಡಿಸುವವರ ಕಡೆಯಿಂದ ಇಟ್ಟಿರಬೇಕು. ಎಂದರೆ ನಿರ್ವಾಹಕರ ಮುಖ, ಕಣ್ಣು, ಕೈ ಮೂರೂ ಕಾಣಬೇಕು. ಅದರಲ್ಲಿ ಪಾಸಾದವರನ್ನು ಕರೆಸಿ, ಮೊದಲ ಸಲ ನೋಡುತ್ತಿರುವ ಒಂದು ಬ್ಯಾಂಡಿನ ಮುಂದೆ ಹದಿನೈದೋ ಇಪ್ಪತ್ತೋ ನಿಮಿಷ ನಿಲ್ಲಿಸುತ್ತಾರೆ. ಪ್ರದರ್ಶನ ಕೊಡುವುದಕ್ಕಲ್ಲ, ಅಭ್ಯಾಸ ಮಾಡಿಸುವುದಕ್ಕೆ. “ಬ್ಯಾಂಡ್ ಎಷ್ಟು ಚೆನ್ನಾಗಿ ನುಡಿಸ್ತು ಅನ್ನೋದಕ್ಕೆ ಮಾರ್ಕ್ಸ್ ಇಲ್ಲ ಕಣೆ. ಅವ್ರು ನನಗಿಂತ ಮುಂಚೆನೂ ಚೆನ್ನಾಗೇ ನುಡಿಸ್ತಿದ್ರು. ನಾನು ಬಂದ್ಮೇಲೆ, ನಾನು ಹೋಗೋದ್ರೊಳಗೆ, ಏನು ಬದಲಾಯ್ತು ಅಂತ ನೋಡ್ತಾರೆ” ಎಂದಳು ಅಕ್ಕ.

ಈ ಮಾತನ್ನು ನಾನು ನನ್ನ ವೀಕ್ಷಣಾ ಪುಸ್ತಕದ ಪಕ್ಕದಲ್ಲಿಟ್ಟು ನೋಡಿದೆ. ಪೀಠಿಕೆ, ಧ್ವನಿಯ ಏರಿಳಿತ, ಕಪ್ಪುಹಲಗೆಯ ಬಳಕೆ, ಬೋಧನೋಪಕರಣ, ಸಮಯಪಾಲನೆ, ವ್ಯಕ್ತಿತ್ವ. ಎಲ್ಲ ನನ್ನ ಬಗ್ಗೆ. ಮಕ್ಕಳಲ್ಲಿ ಏನು ಬದಲಾಯಿತು ಎನ್ನುವುದಕ್ಕೆ ‘ಮೌಲ್ಯಮಾಪನ’ ಎಂಬ ಒಂದು ಸಾಲು. ಅದಕ್ಕೂ ನಾನು ಮೂರು ಪ್ರಶ್ನೆ ಕೇಳಿದೆನೇ ಇಲ್ಲವೇ ಎಂಬುದೇ ಲೆಕ್ಕ.

ನಮ್ಮ ಪಾಠ ಯೋಜನೆಯ ಬಗ್ಗೆಯೂ ಒಂದು ಮಾತು ಹೇಳಲೇಬೇಕು. ಅಕ್ಕನ ದಿನದ ಬಹುಪಾಲು ಹೋಗುವುದು ಸ್ಕೋರ್ ಓದುವುದರಲ್ಲಿ. ಸ್ಕೋರ್ ಎಂದರೆ ಬ್ಯಾಂಡಿನ ಪ್ರತಿ ವಾದ್ಯವೂ ಪ್ರತಿ ಕ್ಷಣ ಏನು ನುಡಿಸಬೇಕು ಎಂಬುದು ಒಂದರ ಕೆಳಗೊಂದು ಸಾಲಾಗಿ ಇರುವ ದೊಡ್ಡ ಪುಸ್ತಕ. ಒಂದು ಪುಟದಲ್ಲಿ ಇಪ್ಪತ್ತಕ್ಕೂ ಹೆಚ್ಚು ಸಾಲು ಇರಬಹುದು. ಅದರಲ್ಲೂ ಒಂದು ತೊಡಕು: ಕ್ಲಾರಿನೆಟ್‌ನವರ ಹಾಳೆಯಲ್ಲಿ ಬರೆದಿರುವ ಸ್ವರಕ್ಕಿಂತ ಒಂದು ಪೂರ್ಣ ಸ್ವರ ಕೆಳಗೆ ವಾದ್ಯ ನುಡಿಯುತ್ತದೆ. ಆಲ್ಟೊ ಸ್ಯಾಕ್ಸಫೋನಿಗೆ ಬೇರೆ ಲೆಕ್ಕ, ಹಾರ್ನ್‌ಗೆ ಇನ್ನೊಂದು. ಇವನ್ನೆಲ್ಲ ಮನಸ್ಸಿನಲ್ಲೇ ಕೂಡಿಸಿ, ವಾದ್ಯಗಳಿಲ್ಲದೆ ಕೃತಿಯನ್ನು ತಲೆಯೊಳಗೆ ಕೇಳಿಸಿಕೊಳ್ಳಬೇಕು. ಆ ಶಬ್ದ ತಲೆಯಲ್ಲಿ ಸ್ಪಷ್ಟವಾಗಿದ್ದರೆ ಮಾತ್ರ ಎದುರಿಗೆ ಕೇಳುತ್ತಿರುವುದರಲ್ಲಿ ಎಲ್ಲಿ ವ್ಯತ್ಯಾಸ ಎಂದು ಗುರುತಿಸಲು ಸಾಧ್ಯ. ಇದನ್ನು ದೋಷ ಪತ್ತೆ ಎಂದೇ ಕರೆದು ತರಗತಿಯಲ್ಲಿ ಅಭ್ಯಾಸ ಮಾಡಿಸುತ್ತಾರೆ.

ಗುಸ್ಟಾವ್ ಹೋಲ್ಸ್ಟ್ 1909ರಲ್ಲಿ ಮಿಲಿಟರಿ ಬ್ಯಾಂಡಿಗಾಗಿ ಬರೆದ ಇ ಫ್ಲ್ಯಾಟ್‌ನ ಮೊದಲ ಸ್ವೀಟ್ ಅವರಿಗೆಲ್ಲ ಪಾಠಪುಸ್ತಕವಿದ್ದಂತೆ. ಅದರ ಮೊದಲ ಭಾಗದಲ್ಲಿ ಎಂಟೇ ಬಾರ್‌ಗಳ ಒಂದು ಎಳೆ ಟ್ಯೂಬಾ, ಯೂಫೋನಿಯಂ ಎಂಬ ತಗ್ಗು ಧ್ವನಿಯ ವಾದ್ಯಗಳಲ್ಲಿ ಶುರುವಾಗಿ, ಮತ್ತೆ ಮತ್ತೆ ಬಂದು, ಒಂದು ವಾದ್ಯದಿಂದ ಇನ್ನೊಂದಕ್ಕೆ ಹೋಗುತ್ತದೆ. ಪ್ರತಿ ಸಲವೂ ಎಳೆ ಯಾರ ಕೈಯಲ್ಲಿದೆ, ಉಳಿದವರು ಅದರ ಸುತ್ತ ಏನು ಮಾಡುತ್ತಿದ್ದಾರೆ ಎಂದು ಅಕ್ಕ ಬಣ್ಣದ ಪೆನ್ಸಿಲ್‌ನಲ್ಲಿ ಗುರುತು ಹಾಕಿಕೊಳ್ಳಬೇಕಿತ್ತು. ಅವಳು ಸ್ವತಃ ನುಡಿಸುವುದು ಏನೂ ಇಲ್ಲ. ಆ ಪುಸ್ತಕದಲ್ಲಿ ಅವಳಿಗೆಂದು ಒಂದೇ ಒಂದು ಸ್ವರವೂ ಇಲ್ಲ.

ನಮ್ಮ ಪಾಠ ಯೋಜನೆಯಲ್ಲಿ ‘ಶಿಕ್ಷಕರ ಚಟುವಟಿಕೆ’ ಎಂಬ ಕಾಲಂ ತುಂಬಿ ತುಳುಕುತ್ತದೆ. ಪಕ್ಕದ ‘ವಿದ್ಯಾರ್ಥಿಗಳ ಚಟುವಟಿಕೆ’ ಕಾಲಂನಲ್ಲಿ ನಾವು ಏನು ಬರೆಯುತ್ತೇವೆ? ‘ಗಮನವಿಟ್ಟು ಆಲಿಸುವರು.’ ‘ಉತ್ತರಿಸುವರು.’ ‘ಟಿಪ್ಪಣಿ ಬರೆದುಕೊಳ್ಳುವರು.’ ನಾನು ನಲವತ್ತು ಯೋಜನೆಗಳಲ್ಲಿ ಇದನ್ನೇ ಬರೆದಿದ್ದೇನೆ, ಹಿಂದಿನ ವರ್ಷದ ಅಕ್ಕಂದಿರ ರೆಕಾರ್ಡಿನಲ್ಲೂ ಇದೇ ಇತ್ತು. ಅದನ್ನು 5ಇ ಮಾದರಿಗೆ ಬದಲಿಸಿದರೂ ಕಾಲಂನ ಹೆಸರು ಬದಲಾಯಿತೇ ಹೊರತು ಒಳಗಿನ ವಾಕ್ಯ ಬದಲಾಗಲಿಲ್ಲ. ಆ ಕಾಲಂನಲ್ಲಿ ನಿಜವಾಗಿ ಬರಬೇಕಿದ್ದದ್ದು ಹೀಗೆ: ‘ಜೋರಾದ ಶಬ್ದವೇ ಎತ್ತರದ ಶಬ್ದ ಎಂದು ಹಲವರು ಭಾವಿಸುವರು. ಏಕೆಂದರೆ ಮನೆಯಲ್ಲಿ ರೇಡಿಯೊ ಜೋರು ಮಾಡುವುದಕ್ಕೂ ಧ್ವನಿ ಏರಿಸುವುದಕ್ಕೂ ಒಂದೇ ಮಾತು ಬಳಸುವರು.’ ‘ಏರಿಸು’ ಎಂಬ ಆ ಒಂದು ಮಾತೇ ನನ್ನ ಮಕ್ಕಳನ್ನು ದಾರಿ ತಪ್ಪಿಸಿತ್ತು. ಕನ್ನಡ ಮಾಧ್ಯಮದಲ್ಲಿ ಓದಿದ ನನಗೆ ಇದು ಮೊದಲೇ ಹೊಳೆಯಬೇಕಿತ್ತು. ಹೊಳೆಯಲಿಲ್ಲ, ಏಕೆಂದರೆ ನನ್ನ ಸಾಲನ್ನಷ್ಟೇ ನಾನು ಬಾಯಿಪಾಠ ಮಾಡಿಕೊಂಡು ಹೋಗಿದ್ದೆ.

ಒಂದು ಆಕ್ಷೇಪ ಬರುತ್ತದೆ, ನಾನೇ ಅದನ್ನು ಅಕ್ಕನ ಮುಂದೆ ಎತ್ತಿದೆ. ತಪ್ಪು ಸ್ವರ ಕಿವಿಗೆ ಬೀಳುತ್ತದೆ, ತಪ್ಪು ತಿಳಿವಳಿಕೆಗೆ ಸದ್ದಿಲ್ಲ. ಎರಡು ಕ್ಲಾರಿನೆಟ್‌ಗಳಲ್ಲಿ ಒಂದು 440 ಹರ್ಟ್ಸ್, ಇನ್ನೊಂದು 442 ಹರ್ಟ್ಸ್ ನುಡಿದರೆ ಸೆಕೆಂಡಿಗೆ ಎರಡು ಸಲ ಶಬ್ದ ಏರಿ ಇಳಿಯುತ್ತದೆ, ಭೌತಶಾಸ್ತ್ರದವರಾದ ನಾವು ಇದನ್ನು ಬೀಟ್ಸ್ ಎಂದು ಓದಿದ್ದೇವೆ. ಇಬ್ಬರು ಮಕ್ಕಳಲ್ಲಿ ಒಬ್ಬಳು ಸರಿ, ಒಬ್ಬಳು ತಪ್ಪು ತಿಳಿದುಕೊಂಡು ಪಕ್ಕಪಕ್ಕ ಕೂತರೆ ಅಂಥದ್ದೇನೂ ಕೇಳಿಸುವುದಿಲ್ಲ. ಅಲ್ಲದೆ ಬ್ಯಾಂಡಿನವರು ತಾವಾಗಿ ಬಂದು ಸೇರಿದವರು, ನಮ್ಮ ಮಕ್ಕಳಿಗೆ ಆ ಆಯ್ಕೆ ಇಲ್ಲ.

ಅಕ್ಕ ಇದನ್ನು ಒಪ್ಪಿದಳು. ಆದರೆ ಅವಳ ಉತ್ತರ ನನ್ನನ್ನು ಇನ್ನಷ್ಟು ಯೋಚನೆಗೆ ಹಚ್ಚಿತು. ದೊಡ್ಡ ಬ್ಯಾಂಡಿನಲ್ಲೂ ತಪ್ಪು ಕೇಳಿಸುವುದಿಲ್ಲ, ಹತ್ತು ಜನ ಒಂದೇ ಭಾಗ ನುಡಿಸುವಾಗ ಒಬ್ಬರು ಅಡಗಿಕೊಳ್ಳಬಹುದು. 1952ರಲ್ಲಿ ಈಸ್ಟ್‌ಮನ್ ಸಂಗೀತ ಶಾಲೆಯ ಫ್ರೆಡರಿಕ್ ಫೆನೆಲ್ ಅವರು ವಿಂಡ್ ಎನ್‌ಸೆಂಬಲ್ ಎಂಬ ಚಿಕ್ಕ ಮೇಳ ಕಟ್ಟಿದರು. ಅದರ ಮೂಲ ಯೋಚನೆ ತುಂಬಾ ಸರಳ, ಒಂದು ಭಾಗಕ್ಕೆ ಒಬ್ಬರು. ಅಡಗಲು ಜಾಗವಿಲ್ಲ. ಪ್ರತಿಯೊಬ್ಬರ ಸ್ವರವೂ ಬರಿದಾಗಿ ಕೇಳುತ್ತದೆ. ಅಲ್ಲಿಂದ ಮುಂದೆ ಆ ದೇಶದ ಬಹಳಷ್ಟು ವಿಶ್ವವಿದ್ಯಾಲಯಗಳು ಇಂಥ ಮೇಳ ಕಟ್ಟಿಕೊಂಡವು. ಕೇಳಿಸದಿದ್ದರೆ ಕೇಳಿಸುವ ಹಾಗೆ ಕೂರಿಸಬೇಕು ಎನ್ನುವುದು ಅಕ್ಕನ ವಾದ.

ನಾನು ಹಾಗೆಯೇ ಮಾಡಿ ನೋಡಿದೆ. ಐದೈದು ಮಕ್ಕಳ ಗುಂಪು. ಒಂದು ತಮಟೆ, ಒಂದು ರಬ್ಬರ್ ಬ್ಯಾಂಡ್ ಕಟ್ಟಿದ ಟಿಫನ್ ಡಬ್ಬಿ. ಒಬ್ಬರು ಬಾರಿಸಬೇಕು, ಒಬ್ಬರು ಏನು ಬದಲಾಯಿತು ಎಂದು ಹೇಳಬೇಕು, ಒಬ್ಬರು ಅದನ್ನು ಒಪ್ಪಬೇಕು ಇಲ್ಲವೇ ಜಗಳ ಮಾಡಬೇಕು, ಇಬ್ಬರು ಬರೆಯಬೇಕು, ಮುಂದಿನ ಸಲ ಪಾತ್ರ ಬದಲು. ತರಗತಿ ಸಂತೆಯಾಯಿತು. ಪಕ್ಕದ ಕೋಣೆಯ ಸರ್ ಬಂದು ಇಣುಕಿ ಹೋದರು. ಆದರೆ ಗುಂಪುಗಳ ನಡುವೆ ಓಡಾಡುವಾಗ ಮೊದಲ ಸಲ ಮಕ್ಕಳು ಏನನ್ನುತ್ತಿದ್ದಾರೆ ಎಂಬುದು ನನ್ನ ಕಿವಿಗೆ ಬಿತ್ತು. ಮೂರನೇ ಸಾಲಿನಲ್ಲಿ ಕೂರುವ, ಎರಡು ತಿಂಗಳಿಂದ ನನಗೆ ಹೆಸರಷ್ಟೇ ಗೊತ್ತಿದ್ದ ಒಬ್ಬ ಹುಡುಗಿಯನ್ನು “ಅವತ್ತು ಅರ್ಥ ಆಯ್ತು ಅಂದ್ಯಲ್ಲಮ್ಮ?” ಎಂದು ಕೇಳಿದೆ. “ಎಲ್ರೂ ಅಂದ್ರು ಮಿಸ್, ನಾನೂ ಅಂದೆ” ಎಂದಳು, ಅದರಲ್ಲಿ ತಪ್ಪೇನಿದೆ ಎನ್ನುವಂತೆ.

ಅಸಿಸ್ಟೆಂಟ್‌ಶಿಪ್‌ನ ಇನ್ನೊಂದು ಗುಣ, ಬಿಡದೆ ನಡೆಯುವ ಹೊಣೆ. ಅಕ್ಕನಿಗೆ ಒಂದು ಕ್ಯಾಂಪಸ್ ಬ್ಯಾಂಡ್ ಇಡೀ ವರ್ಷ ಒಪ್ಪಿಸಿದ್ದಾರೆ. ಬೇರೆ ಬೇರೆ ವಿಷಯ ಓದುವ ವಿದ್ಯಾರ್ಥಿಗಳು ಸಂಜೆ ಬಂದು ನುಡಿಸುವ ಬ್ಯಾಂಡ್ ಅದು. ಸೋಮವಾರ ಎಲ್ಲಿಗೆ ನಿಲ್ಲಿಸಿದಳೋ ಬುಧವಾರ ಅಲ್ಲಿಂದಲೇ ಹಿಡಿಯಬೇಕು. ಸೆಪ್ಟೆಂಬರಿನಲ್ಲಿ ಅವಳು ಅಸಡ್ಡೆ ಮಾಡಿದ್ದು ಏಪ್ರಿಲ್‌ನ ಕಚೇರಿಯಲ್ಲಿ ಅವಳ ಮುಖಕ್ಕೇ ಬಂದು ಬಡಿಯುತ್ತದೆ. ಅವಳ ಪ್ರೊಫೆಸರ್ ಆಗಾಗ ಹಿಂದಿನ ಸಾಲಿನಲ್ಲಿ ಇನ್ನೊಂದು ಸ್ಕೋರ್ ಹಿಡಿದು ಕೂರುತ್ತಾರೆ. ಅಭ್ಯಾಸದ ವಿಡಿಯೊವನ್ನು ಆಮೇಲೆ ಇಬ್ಬರೂ ಕೂತು ನೋಡುತ್ತಾರೆ. ಒಮ್ಮೆ ಅವರು ಶಬ್ದವನ್ನೇ ಬಂದ್ ಮಾಡಿ “ಈಗ ನಿನ್ನ ಕೈ ನೋಡಿದರೆ ಸಂಗೀತ ಕೇಳುತ್ತದೆಯೇ?” ಎಂದರಂತೆ. ಅಕ್ಕನಿಗೆ ಆ ದಿನ ಅಳು ಬಂತಂತೆ.

ನಮಗೆ ಇದು ಹೊಸದೇನಲ್ಲ ಎಂದು ಗುರುಗಳಿಗೆ ಗೊತ್ತು. ನಾವು ಮೊದಲ ಸೆಮಿಸ್ಟರ್‌ನಲ್ಲಿ ಮಾಡುವ ಸೂಕ್ಷ್ಮ ಬೋಧನೆ ಹುಟ್ಟಿದ್ದೇ ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯದಲ್ಲಿ, 1963ರ ಹೊತ್ತಿಗೆ, ಡ್ವೈಟ್ ಆಲೆನ್ ಮತ್ತು ಅವರ ಸಂಗಡಿಗರಿಂದ. ವಿಡಿಯೊ ಮುದ್ರಿಸಿ, ಪ್ರಶಿಕ್ಷಣಾರ್ಥಿಗೇ ತೋರಿಸಿ, ಮತ್ತೆ ಪಾಠ ಮಾಡಿಸುವುದು ಅದರ ಜೀವ. ನಾವು 6 ನಿಮಿಷ ಬೋಧನೆ, 6 ನಿಮಿಷ ಹಿಮ್ಮಾಹಿತಿ, 12 ನಿಮಿಷ ಮರುಯೋಜನೆ, 6 ನಿಮಿಷ ಮರುಬೋಧನೆ, ಮತ್ತೆ 6 ನಿಮಿಷ ಹಿಮ್ಮಾಹಿತಿ ಎಂಬ 36 ನಿಮಿಷದ ಚಕ್ರವನ್ನು ಪರೀಕ್ಷೆಗೆ ಚಿತ್ರ ಸಮೇತ ಬರೆಯುತ್ತೇವೆ. ಮಾಡುವಾಗ? ಆರು ನಿಮಿಷ ಪಾಠ, ಸಹಪಾಠಿಗಳಿಂದ “ಚೆನ್ನಾಗಿತ್ತು, ಸ್ವಲ್ಪ ಧ್ವನಿ ಜೋರಿರಲಿ” ಎಂಬ ಹಿಮ್ಮಾಹಿತಿ, ಮರುಬೋಧನೆ ರೆಕಾರ್ಡಿನಲ್ಲಿ ಮಾತ್ರ. 1963ರಲ್ಲಿ ವಿಡಿಯೊ ಯಂತ್ರ ಆನೆ ಸಾಕಿದಷ್ಟು ದುಬಾರಿ, ಆದರೂ ಅವರು ಬಳಸಿದರು. ಈಗ ನಮ್ಮೆಲ್ಲರ ಜೇಬಿನಲ್ಲೂ ಕ್ಯಾಮೆರಾ ಇದೆ. ಅದನ್ನು ಬೀಳ್ಕೊಡುಗೆ ದಿನದ ರೀಲ್ಸ್‌ಗೆ ಬಳಸಿದಷ್ಟು ಪಾಠಕ್ಕೆ ಬಳಸಿಲ್ಲ.

ಇಷ್ಟೆಲ್ಲ ಹೇಳಿ ಅಲ್ಲಿಯದೆಲ್ಲ ಬಂಗಾರ ಎಂದರೆ ಸುಳ್ಳಾಗುತ್ತದೆ. ಅಕ್ಕನ ವಾರದ ಇಪ್ಪತ್ತು ಗಂಟೆಯಲ್ಲಿ ಮೊದಲ ವರ್ಷ ವೇದಿಕೆಯ ಮೇಲೆ ನಿಂತದ್ದು ಒಂದು ಗಂಟೆಯೂ ಇಲ್ಲವಂತೆ. ಉಳಿದದ್ದು ಕುರ್ಚಿ ಜೋಡಿಸುವುದು, ಸಂಗೀತದ ಹಾಳೆಗಳನ್ನು ಕಪಾಟಿಗೆ ಸೇರಿಸುವುದು, ಬಸ್ಸು ಗೊತ್ತು ಮಾಡುವುದು, ಇಮೇಲ್ ಬರೆಯುವುದು. ಆಗಸ್ಟ್ ಬಂತೆಂದರೆ ಮಾರ್ಚಿಂಗ್ ಬ್ಯಾಂಡಿನ ಶಿಬಿರ. ದೊಡ್ಡ ವಿಶ್ವವಿದ್ಯಾಲಯಗಳಲ್ಲಿ ಮುನ್ನೂರು ನಾನೂರು ಮಂದಿಯ ಬ್ಯಾಂಡುಗಳಿವೆ. ಶನಿವಾರ ಫುಟ್‌ಬಾಲ್ ಪಂದ್ಯ ಎಂದರೆ ಬೆಳಗಿನ ಜಾವವೇ ಮೈದಾನದಲ್ಲಿರಬೇಕು, ಸೂಸಾಫೋನ್‌ಗಳನ್ನು ಲಾರಿಯಿಂದ ಇಳಿಸಬೇಕು, ಸಂಜೆ ಏರಿಸಬೇಕು. ಚಳಿಗಾಲ ಬಂದರೆ ಬ್ಯಾಸ್ಕೆಟ್‌ಬಾಲ್. ಇಪ್ಪತ್ತು ಗಂಟೆ ಎಂದು ಕಾಗದದಲ್ಲಿದ್ದರೂ ಪಂದ್ಯದ ವಾರಗಳಲ್ಲಿ ಲೆಕ್ಕ ಇಟ್ಟವರಿಲ್ಲ. ವಿದ್ಯಾರ್ಥಿಯೂ ಹೌದು ನೌಕರನೂ ಹೌದು ಎಂಬ ಈ ಎರಡು ದೋಣಿಯ ಸ್ಥಿತಿ ಅಲ್ಲಿ ದೊಡ್ಡ ಜಗಳಗಳನ್ನೇ ಎಬ್ಬಿಸಿದೆ. ವಿಸ್ಕಾನ್ಸಿನ್–ಮ್ಯಾಡಿಸನ್‌ನಲ್ಲಿ 1966ರಲ್ಲೇ ಬೋಧನಾ ಸಹಾಯಕರು ಸಂಘ ಕಟ್ಟಿಕೊಂಡು 1970ರಲ್ಲಿ ಮುಷ್ಕರ ಮಾಡಿದರು. ಮಿಶಿಗನ್‌ನಲ್ಲಿ 1975ರಲ್ಲಿ ಮುಷ್ಕರವಾಯಿತು. ಖಾಸಗಿ ವಿಶ್ವವಿದ್ಯಾಲಯಗಳಲ್ಲೂ ಇಂಥ ವಿದ್ಯಾರ್ಥಿ ಸಹಾಯಕರು ಕಾನೂನಿನ ಕಣ್ಣಿನಲ್ಲಿ ನೌಕರರೇ ಎಂದು ಅಲ್ಲಿಯ ಕಾರ್ಮಿಕ ಸಂಬಂಧ ಮಂಡಳಿ 2016ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಪ್ರಕರಣದಲ್ಲಿ ತೀರ್ಪು ಕೊಟ್ಟಿತು.

ಇದನ್ನು ಓದುವಾಗ ನಗು ಬಂತು. ಅಗ್ಗದ ಕೆಲಸಗಾರರಾಗಿ ಬಳಸಿಕೊಳ್ಳುವುದರಲ್ಲಿ ನಾವೇನು ಹಿಂದುಳಿದಿದ್ದೇವೆಯೇ? ಎನ್‌ಸಿಟಿಇಯ 2014ರ ನಿಯಮಾವಳಿ ಎರಡು ವರ್ಷದ ಬಿ.ಎಡ್.ಗೆ 20 ವಾರದ ಶಾಲಾ ಇಂಟರ್ನ್‌ಶಿಪ್ ಇಟ್ಟಿತು. ಉದ್ದೇಶ ಒಳ್ಳೆಯದೇ. ಆದರೆ ಶಿಕ್ಷಕರ ಹುದ್ದೆ ಖಾಲಿ ಇರುವ ಶಾಲೆಗೆ ಆರು ಜನ ಪ್ರಶಿಕ್ಷಣಾರ್ಥಿಗಳು ಬಂದರೆ ಏನಾಗುತ್ತದೆ ಎಂಬುದು ಈ ಪತ್ರಿಕೆ ಓದುವ ಎಲ್ಲರಿಗೂ ಗೊತ್ತು. ನಾನು ವಿಜ್ಞಾನದವಳು, ಹಿಂದಿ ಪಿರಿಯಡ್ ತೆಗೆದುಕೊಂಡಿದ್ದೇನೆ. ಬಿಸಿಯೂಟದ ಲೆಕ್ಕ ಬರೆದಿದ್ದೇನೆ. ಅದರ ಬಗ್ಗೆ ನನಗೆ ದೂರಿಲ್ಲ, ಶಾಲೆ ಎಂದರೆ ಅದೂ ಇರುತ್ತದೆ. ನನ್ನ ದೂರು ಬೇರೆ. ಅಕ್ಕನ ಕೈಯಲ್ಲಿ ಒಂದು ನೇಮಕಾತಿ ಪತ್ರ ಇದೆ. ಅದರಲ್ಲಿ ಎಷ್ಟು ಗಂಟೆ, ಯಾವ ಕೆಲಸ, ಯಾರಿಗೆ ವರದಿ, ಎಷ್ಟು ಹಣ ಎಂದು ಬರೆದಿದೆ. ಅದನ್ನು ಮೀರಿದರೆ ಮೀರಿತು ಎಂದು ತೋರಿಸಲು ಒಂದು ಕಾಗದವಾದರೂ ಇದೆ. ನನ್ನ ಬಳಿ ಇದ್ದದ್ದು ಶಾಲೆಯ ಹೆಸರು ಬರೆದ ಒಂದು ಪಟ್ಟಿ. ಅದರಲ್ಲಿ ನನ್ನ ತರಗತಿ ಯಾವುದು ಎಂಬುದೂ ಇರಲಿಲ್ಲ.

ಹಣದ ಮಾತನ್ನು ನಮ್ಮಲ್ಲಿ ಎತ್ತಿದರೆ ಶಿಕ್ಷಕ ವೃತ್ತಿ ಸೇವೆ ಎನ್ನುತ್ತಾರೆ. ವೈದ್ಯವೃತ್ತಿಯೂ ಸೇವೆಯೇ. ಎಂ.ಬಿ.ಬಿ.ಎಸ್. ಮುಗಿಸಿ ಆಸ್ಪತ್ರೆಯಲ್ಲಿ ಹೌಸ್ ಸರ್ಜನ್ ಆಗಿ ದುಡಿಯುವವರಿಗೆ ಸ್ಟೈಪೆಂಡ್ ಇದೆ. ಬ್ಯಾಂಡ್ ನಡೆಸಲು ಕಲಿಯುವವರಿಗೂ ಅಲ್ಲಿ ಇದೆ. ನಾವು ಫೀಸು ಕಟ್ಟಿ, ಬಸ್ ಚಾರ್ಜ್ ಕೊಟ್ಟು, ಚಾರ್ಟಿನ ಕಾಗದಕ್ಕೂ ನಾವೇ ಕೊಟ್ಟು ಹೋಗುತ್ತೇವೆ. ನನ್ನ ಜೊತೆಗಿದ್ದ ಗೆಳತಿಯೊಬ್ಬಳು ಬೆಳಿಗ್ಗೆ ಎರಡು ಬಸ್ ಬದಲಿಸಿ ಬಂದು, ಸಂಜೆ ಆರರಿಂದ ಟ್ಯೂಷನ್ ಹೇಳಿ, ರಾತ್ರಿ ಹನ್ನೊಂದಕ್ಕೆ ಪಾಠ ಯೋಜನೆ ಬರೆಯಲು ಕೂರುತ್ತಿದ್ದಳು. ಅವಳ ಯೋಜನೆಯಲ್ಲಿ ‘ಗಮನವಿಟ್ಟು ಆಲಿಸುವರು’ ಎಂದು ಇದ್ದರೆ ನಾನು ಅವಳನ್ನು ದೂರಲಾರೆ. ಕಾಲೇಜಿನಿಂದ ಸ್ಟೈಪೆಂಡ್ ಕೊಡಲಾಗದು, ಅದು ಸರ್ಕಾರದ ಮಟ್ಟದಲ್ಲಿ ತೀರ್ಮಾನವಾಗಬೇಕಾದ ಸಂಗತಿ ಎಂದು ನನಗೂ ಗೊತ್ತು. ಆದರೆ ಅದನ್ನು ಕೇಳುವುದೇ ತಪ್ಪು ಎಂಬ ಭಾವನೆಯನ್ನಾದರೂ ಬಿಡೋಣ.

ಕಾಲೇಜಿನ ಕೈಯಲ್ಲೇ ಇರುವುದನ್ನು ಮಾತ್ರ ಕೇಳುತ್ತೇನೆ. ಇಂಟರ್ನ್‌ಶಿಪ್‌ನಲ್ಲಿ ಪ್ರತಿಯೊಬ್ಬರಿಗೂ ಒಂದೇ ಒಂದು ತರಗತಿ, ಒಂದು ಘಟಕ ಪೂರ್ತಿಯಾಗಿ ಕೊಡಿ. ಈಗ ನಾವು ನಾಲ್ಕು ತರಗತಿಗಳಲ್ಲಿ ಹಾರಿ ಹಾರಿ ಪಾಠಗಳ ಸಂಖ್ಯೆ ತುಂಬಿಸುತ್ತೇವೆ, ಯಾವ ಮಗುವಿನ ಎರಡನೇ ತಪ್ಪನ್ನೂ ನಾವು ನೋಡುವುದಿಲ್ಲ. ವೀಕ್ಷಣೆಗೆ ಬರುವ ಗುರುಗಳು ಒಮ್ಮೆ ಹಿಂದಿನ ಬೆಂಚಿನ ಬದಲು ಮುಂದೆ, ಮಕ್ಕಳ ಮುಖ ಕಾಣುವ ಹಾಗೆ ಕೂರಲಿ. ಪಾಠ ಮುಗಿದ ಮೇಲೆ “ಯಾವ ಮೂರು ಮಕ್ಕಳಿಗೆ ಅರ್ಥವಾಗಲಿಲ್ಲ, ಏನು ಅರ್ಥವಾಗಲಿಲ್ಲ?” ಎಂದು ಕೇಳಲಿ, ಅದಕ್ಕೆ ಹತ್ತು ಅಂಕ ಇಡಲಿ. ನಾನು ಆ ದಿನ ಆ ಹತ್ತರಲ್ಲಿ ಸೊನ್ನೆ ಪಡೆಯುತ್ತಿದ್ದೆ, ಆದರೆ ಸೊನ್ನೆ ಯಾಕೆ ಎಂದು ಅಂದೇ ತಿಳಿಯುತ್ತಿತ್ತು. ಕನಿಷ್ಠ ಎರಡು ಪಾಠಗಳ ವಿಡಿಯೊ ತೆಗೆದು ಮಾರ್ಗದರ್ಶಕರ ಜೊತೆ ಕೂತು ನೋಡುವ ವ್ಯವಸ್ಥೆ ಆಗಲಿ. ಶಾಲೆಯ ಅನುಮತಿ ಪಡೆದು, ನಮ್ಮ ಫೋನಿನಲ್ಲೇ, ಹೊರಗೆ ಎಲ್ಲೂ ಹಂಚದೆ. ಶಾಲೆಗೆ ಹೋಗುವ ಮೊದಲು ಒಂದು ಪುಟದ ಪತ್ರ ಕೊಡಿ, ಯಾವ ತರಗತಿ, ವಾರಕ್ಕೆ ಎಷ್ಟು ಪಿರಿಯಡ್, ಬದಲಿ ಪಿರಿಯಡ್ ಎಷ್ಟರವರೆಗೆ, ಮಾರ್ಗದರ್ಶಕ ಶಿಕ್ಷಕರು ಯಾರು ಎಂದು ಬರೆದು, ಮುಖ್ಯೋಪಾಧ್ಯಾಯರ ಸಹಿ ಹಾಕಿಸಿ.

ಇದರಲ್ಲಿ ಯಾವುದಕ್ಕೂ ವಿಶ್ವವಿದ್ಯಾಲಯದ ಆದೇಶ ಬೇಕಿಲ್ಲ ಎಂದು ನನ್ನ ತಿಳಿವಳಿಕೆ. ತಪ್ಪಿದ್ದರೆ ಗುರುಗಳು ತಿದ್ದಲಿ.

ಕಳೆದ ವಾರ ಅಕ್ಕನ ಜೊತೆ ಮಾತಾಡಿದಾಗ ಅವಳು ಪದವಿಯ ಕೊನೆಯ ಕಚೇರಿಗೆ ತಯಾರಿ ನಡೆಸಿದ್ದಳು. ನಾನು ‘ಬಿ’ ವಿಭಾಗದ ಮರುಪರೀಕ್ಷೆಯ ಫಲಿತಾಂಶ ಹೇಳಿದೆ. ತಮಟೆಯ ಪ್ರಶ್ನೆಗೆ ಈ ಸಲ ಹೆಚ್ಚಿನವರು ಸರಿಯಾಗಿ ಬರೆದಿದ್ದರು, ಒಂಬತ್ತು ಮಂದಿ ಬರೆದಿರಲಿಲ್ಲ. “ಆ ಒಂಬತ್ತು ಜನ ಯಾರ್ಯಾರು, ಹೇಳು ನೋಡೋಣ” ಎಂದಳು. ಏಳು ಹೆಸರು ಹೇಳಿದೆ. ಉಳಿದ ಎರಡು ನೆನಪಾಗಲಿಲ್ಲ. ನಮ್ಮ ಬ್ಯಾಚಿನ ಇಂಟರ್ನ್‌ಶಿಪ್ ಅಷ್ಟರಲ್ಲಿ ಮುಗಿದಿತ್ತು. ಮುಂದಿನ ಬ್ಯಾಚಿನವರ ಶಾಲಾ ಹಂಚಿಕೆ ಪಟ್ಟಿ ಇನ್ನೂ ಸೂಚನಾ ಫಲಕಕ್ಕೆ ಬಂದಿಲ್ಲ.